ಎರಡೇ ಶಾಯಿಯಲ್ಲಿ ಮೂಡಿದ ಜಾಝ್

ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಬ್ಲೂ ಟ್ರೇನ್’ ಎಲ್‌ಪಿಯ (ಗ್ರಾಮೊಫೋನ್ ರೆಕಾರ್ಡಿನ) ಕವರ್ ಒಮ್ಮೆ ನೋಡಿದರೆ ಅದರ ನೀಲಿ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ತುಟಿಯ ಬಳಿ ಕೈ, ಏನೋ ಯೋಚನೆಯಲ್ಲಿರುವ ಮುಖ. ಸ್ಟುಡಿಯೋದಲ್ಲಿ ನೀಲಿ ದೀಪ ಹಾಕಿ ತೆಗೆದ ಫೋಟೊ ಇರಬೇಕು ಅನ್ನಿಸುತ್ತದೆ, ಅಲ್ವಾ? ಅಲ್ಲ. ಫೋಟೊ ಕಪ್ಪು-ಬಿಳುಪಿನದು. ನೀಲಿ ಸೇರಿದ್ದು ಪ್ರೆಸ್ಸಿನಲ್ಲಿ.

ಈ ಎಲ್‌ಪಿ ಹೊರತಂದ ಬ್ಲೂ ನೋಟ್ 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಪುಟ್ಟ ಜಾಝ್ ರೆಕಾರ್ಡ್ ಕಂಪನಿ. ನಡೆಸುತ್ತಿದ್ದ ಆಲ್ಫ್ರೆಡ್ ಲಯನ್ ಮತ್ತು ಫೋಟೊ ತೆಗೆಯುತ್ತಿದ್ದ ಫ್ರಾನ್ಸಿಸ್ ವುಲ್ಫ್, ಇಬ್ಬರೂ ಬರ್ಲಿನ್‌ನಿಂದ ಬಂದ ಯಹೂದಿ ಗೆಳೆಯರು. 1956ರಿಂದ 1967ರವರೆಗೆ ಕವರ್‌ಗಳನ್ನು ರೂಪಿಸಿದವರು ರೀಡ್ ಮೈಲ್ಸ್. ಅವರಿಗೆ ಜಾಝ್ ಅಷ್ಟಾಗಿ ಹಿಡಿಸುತ್ತಿರಲಿಲ್ಲ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೇ ಇಷ್ಟ. ಕಂಪನಿಯಲ್ಲಿ ದುಡ್ಡು ಕಡಿಮೆ. ಪೂರ್ತಿ ಬಣ್ಣದ ಚಿತ್ರಕ್ಕೆ ನಾಲ್ಕು ಶಾಯಿ, ನಾಲ್ಕು ಪ್ಲೇಟ್ ಬೇಕು. ನಾಲ್ಕೂ ಕೂದಲೆಳೆಯಷ್ಟು ಆಚೀಚೆ ಆಗದಂತೆ ಒಂದರ ಮೇಲೊಂದು ಕೂರಬೇಕು. ಹಾಗಾಗಿ ಹೆಚ್ಚಿನ ಕವರ್‌ಗಳಿಗೆ ಸಿಕ್ಕಿದ್ದು ಕಪ್ಪು ಮತ್ತು ಇನ್ನೊಂದೇ ಬಣ್ಣ.

ನನಗೆ ತುಂಬಾ ಇಷ್ಟವಾದ ಸಂಗತಿ ಇಲ್ಲಿದೆ. ಕಪ್ಪು ಶಾಯಿಯಲ್ಲಿ ಬೂದು ಬಣ್ಣವೇ ಇರುವುದಿಲ್ಲ. ಪ್ರೆಸ್ಸಿಗೆ ಗೊತ್ತಿರುವುದು ಎರಡೇ: ಶಾಯಿ ಹಚ್ಚುವುದು ಅಥವಾ ಬಿಡುವುದು. ಮುಖದ ಮೇಲಿನ ನೆರಳು ಮತ್ತೆ ಹೇಗೆ ಬಂತು? ಫೋಟೊವನ್ನು ಸಣ್ಣ ಗೆರೆಗಳ ಜಾಲರಿಯ ಮೂಲಕ ಮತ್ತೆ ಫಿಲಂ ಮೇಲೆ ಸೆರೆಹಿಡಿಯುತ್ತಾರೆ. ಚಿತ್ರ ಚುಕ್ಕಿಗಳಾಗಿ ಒಡೆಯುತ್ತದೆ. ಕತ್ತಲಿದ್ದಲ್ಲಿ ಚುಕ್ಕಿ ದಪ್ಪ, ಬೆಳಕಿದ್ದಲ್ಲಿ ಸಣ್ಣ. ಇದೇ ಹಾಫ್‌ಟೋನ್. ಕಪ್ಪು ಎಳ್ಳು, ಬಿಳಿ ಎಳ್ಳು ಬೆರೆಸಿ ಸುರಿದ ರಾಶಿ ದೂರದಿಂದ ಬೂದಾಗಿ ಕಾಣುತ್ತದಲ್ಲ, ಅದೇ ಲೆಕ್ಕ. ಒಳ್ಳೆಯ ಕಣ್ಣು 30 ಸೆಂಟಿಮೀಟರ್ ದೂರದಲ್ಲಿ ಬೇರ್ಪಡಿಸಿ ನೋಡಬಲ್ಲದ್ದು ಸುಮಾರು 0.09 ಮಿಲಿಮೀಟರ್. ಇಂಚಿಗೆ 150 ಸಾಲಿನ ಜಾಲರಿಯಲ್ಲಿ ಚುಕ್ಕಿ ಮತ್ತು ಪಕ್ಕದ ಖಾಲಿ ಜಾಗ ಸೇರಿದರೆ 0.17 ಮಿಲಿಮೀಟರ್. ಅಂದರೆ ಒಂದೊಂದಕ್ಕೆ ಅದರ ಅರ್ಧ, ಸುಮಾರು 0.085 ಮಿಲಿಮೀಟರ್; ಕಣ್ಣಿನ ಮಿತಿಯ ಅಂಚು. ಅದಕ್ಕೇ ಕಪ್ಪು ಚುಕ್ಕಿಗಳ ಸಾಲನ್ನು 45 ಡಿಗ್ರಿ ಓರೆ ಮಾಡುತ್ತಾರೆ. ನಮ್ಮ ಕಣ್ಣು-ಮಿದುಳು ಅಡ್ಡ ಮತ್ತು ನೇರ ಗೆರೆಗಳನ್ನು ಬೇಗ ಹಿಡಿಯುತ್ತವೆ, ಓರೆ ಗೆರೆಗಳಲ್ಲಿ ಕೊಂಚ ಸೋಲುತ್ತವೆ. ಈ ಚುಕ್ಕಿಗಳ ಕೆಳಗೆ ನೀಲಿ ಹರಡಿದರೆ ಬಿಳಿ ಇದ್ದ ಜಾಗವೆಲ್ಲ ನೀಲಿ, ಬೂದು ಇದ್ದಲ್ಲಿ ಕಡುನೀಲಿ. ಎರಡೇ ಶಾಯಿ, ನಡುವೆ ನೂರಾರು ಛಾಯೆ!

ವುಲ್ಫ್ ಫೋಟೊಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದವು. ಅವರು ಬಳಸುತ್ತಿದ್ದದ್ದು ಫ್ಲ್ಯಾಶ್. ಅದರ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 1 ಮೀಟರ್ ದೂರದ ಮುಖಕ್ಕೆ ಬಿದ್ದ ಬೆಳಕಿನಲ್ಲಿ 3 ಮೀಟರ್ ದೂರದ ಗೋಡೆಗೆ ಸಿಗುವುದು ಒಂಬತ್ತನೇ ಒಂದು ಪಾಲು. ಗೋಡೆ, ಕುರ್ಚಿ, ವೈರು ಎಲ್ಲ ಕಪ್ಪಿನಲ್ಲಿ ಕರಗುತ್ತವೆ. ಹೊಗೆ, ಬೆವರು, ಹಿತ್ತಾಳೆಯ ಹೊಳಪು ಉಳಿಯುತ್ತವೆ.

ಫೋಟೊ ಬೇಡ ಅನ್ನಿಸಿದರೆ ಮೈಲ್ಸ್ ಅಕ್ಷರಗಳನ್ನೇ ಕುಣಿಸುತ್ತಿದ್ದರು. ಸ್ಯಾಕ್ಸೊಫೋನ್ ವಾದಕ ಜಾಕಿ ಮೆಕ್ಲೀನ್ ಅವರ ‘ಇಟ್ಸ್ ಟೈಮ್’ ಕವರ್ ತುಂಬಾ ಆಶ್ಚರ್ಯಸೂಚಕ ಚಿಹ್ನೆಗಳ ಜಾತ್ರೆ. ಫೋಟೊ ಮೂಲೆಯಲ್ಲೆಲ್ಲೋ ಪುಟ್ಟದಾಗಿದೆ. ಅದೂ ಬಡತನದ ಉಪಾಯವೇ, ಆದರೆ ಎಷ್ಟು ಧೈರ್ಯ ನೋಡಿ.

ಈಗ ಹಳೆಯ ಕವರನ್ನು ಸುಮ್ನೆ ಸ್ಕ್ಯಾನ್ ಮಾಡಿ ಮರುಮುದ್ರಿಸುವವರಿದ್ದಾರೆ. ನನಗೆ ಸಿಟ್ಟು ಬರುತ್ತದೆ. ಹಳೆಯ ಚುಕ್ಕಿಗಳ ಮೇಲೆ ಹೊಸ ಚುಕ್ಕಿಗಳು ಕೂತು, ಎರಡು ಜಾಲರಿಗಳು ಹೊಂದದೆ, ಮುಖದ ಮೇಲೆ ಅಲೆಅಲೆಯಾದ ಪಟ್ಟೆಗಳು ಏಳುತ್ತವೆ. ಇದಕ್ಕೆ ಮ್ವಾರೆ ಎನ್ನುತ್ತಾರೆ. ವುಲ್ಫ್ ತೆಗೆದ ನೆಗೆಟಿವ್‌ಗಳು ಇಂದಿಗೂ ಉಳಿದಿವೆ. ಅವುಗಳಿಂದ ಮತ್ತೆ ಶುರು ಮಾಡಿದರೆ ಈ ಪಟ್ಟೆ ಬರುವುದಿಲ್ಲ. ಮರುಮುದ್ರಿತ ಎಲ್‌ಪಿ ಕೊಳ್ಳುವಾಗ ಕೋಲ್ಟ್ರೇನ್ ಅವರ ಕೆನ್ನೆಯನ್ನು ಒಮ್ಮೆ ಭೂತಗನ್ನಡಿಯಲ್ಲಿ ನೋಡಿ, ಯಾವುದನ್ನು ಬಳಸಿದ್ದಾರೆ ಎಂದು ಗೊತ್ತಾಗುತ್ತದೆ.