ಹೆಬ್ಬಾವು ಸರ್ಕಾರದ್ದು, ಅನಕೊಂಡ ಯಾರದು?

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ತೋಟದ ಮನೆಗಳ ಕೋಳಿಗೂಡಿಗೆ ಹೆಬ್ಬಾವು ನುಗ್ಗುವುದು ಅಪರೂಪದ ಸುದ್ದಿಯೇನಲ್ಲ. ಕೋಳಿಯನ್ನು ನುಂಗಿ ಹೊಟ್ಟೆ ಉಬ್ಬಿಸಿಕೊಂಡ ಹಾವು, ಒಳಬಂದ ಸಂದಿಯಲ್ಲೇ ಹೊರಹೋಗಲಾಗದೆ ಮೂಲೆಯಲ್ಲಿ ಸುತ್ತಿಕೊಂಡಿರುತ್ತದೆ. ಬೆಳಗ್ಗೆ ಮನೆಯವರು ಹಾವು ಹಿಡಿಯುವವರಿಗೋ ಅರಣ್ಯ ಇಲಾಖೆಗೋ ಫೋನ್ ಮಾಡುತ್ತಾರೆ, ಮಧ್ಯಾಹ್ನದೊಳಗೆ ಅದು ಗೋಣಿಚೀಲದಲ್ಲಿ ಕಾಡು ಸೇರುತ್ತದೆ. ಆ ಮನೆಯವರು ಹಾವನ್ನು ಕಾಡಿಗೆ ಕಳಿಸದೆ ಪಂಜರದಲ್ಲಿಟ್ಟು ಸಾಕುತ್ತೇವೆಂದು ಹೊರಟರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು ಕಾದಿರುತ್ತದೆ. ಆದರೆ ಅದೇ ಊರಿನ ಇನ್ನೊಂದು ಮನೆಯಲ್ಲಿ ಯಾರಾದರೂ ದಕ್ಷಿಣ ಅಮೆರಿಕದ ಅನಕೊಂಡವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರೆ, ತೀರಾ ಈಚಿನವರೆಗೂ ನಮ್ಮ ವನ್ಯಜೀವಿ ಕಾನೂನಿಗೆ ಅದರ ಬಗ್ಗೆ ಹೇಳಲು ಏನೂ ಇರಲಿಲ್ಲ. ದೊಡ್ಡ ಹಾವುಗಳ ಸಾಕಣೆ ಮತ್ತು ಮಾರಾಟಕ್ಕೆ ಕಡಿವಾಣ ಬೇಕೆಂಬ ಇಂದಿನ ಚರ್ಚೆಯ ಬೇರು ಈ ವ್ಯತ್ಯಾಸದಲ್ಲಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಹಾವು ಸಾಕುವ ಹವ್ಯಾಸ ಯಾರ ತಲೆಯಲ್ಲೂ ಇರಲಿಲ್ಲ. ಅಂದಿನ ಚಿಂತೆ ಇದ್ದುದು ಚರ್ಮದ್ದು. ಹೆಬ್ಬಾವು, ಕೇರೆ, ನಾಗರಗಳ ಚರ್ಮ ಹದವಾಗಿ ಚೀಲ, ಬೆಲ್ಟು, ಪಾದರಕ್ಷೆಗಳಿಗಾಗಿ ಹೊರದೇಶಗಳಿಗೆ ಹೋಗುತ್ತಿತ್ತು. ಮದರಾಸಿನಲ್ಲಿ ಹಾವಿನ ಉದ್ಯಾನ ಕಟ್ಟಿದ ರೊಮುಲಸ್ ವಿಟೇಕರ್ ಅವರಂಥವರು ಈ ವ್ಯಾಪಾರದ ವಿರುದ್ಧ ದನಿ ಎತ್ತಿದ್ದರು. ಹಾವಿನ ಚರ್ಮದ ರಫ್ತಿಗೆ 1976ರಲ್ಲಿ ನಿಷೇಧ ಬಿತ್ತು. ಚರ್ಮಕ್ಕಾಗಿ ಹಾವು ಹಿಡಿದು ಬದುಕುತ್ತಿದ್ದ ಇರುಳ ಬುಡಕಟ್ಟಿನವರು ವಿಷ ತೆಗೆದು ಮಾರುವ ಸಹಕಾರ ಸಂಘವನ್ನು 1978ರಲ್ಲಿ ಕಟ್ಟಿಕೊಂಡರು. ಇದೇ ವಿಟೇಕರ್ 2005ರಲ್ಲಿ ನಮ್ಮ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಆರಂಭಿಸಿದರು. ಕಾಳಿಂಗ ಸರ್ಪಗಳ ದೇಹದಲ್ಲಿ ರೇಡಿಯೋ ಸಾಧನ ಇಟ್ಟು ಅವುಗಳ ಓಡಾಟವನ್ನು ಹಿಂಬಾಲಿಸಿದ ಅಧ್ಯಯನ ನಡೆದದ್ದು ಅಲ್ಲಿಂದಲೇ.

ಕಾಯ್ದೆಯ ಕಟ್ಟಡ ನಿಂತಿರುವುದು ಅನುಸೂಚಿಗಳ ಮೇಲೆ. ಪಟ್ಟಿಯಲ್ಲಿ ಹೆಸರಿದ್ದರೆ ರಕ್ಷಣೆ ಉಂಟು, ಇಲ್ಲದಿದ್ದರೆ ಇಲ್ಲ. ಹೆಬ್ಬಾವು ಒಂದನೇ ಅನುಸೂಚಿಯಲ್ಲಿ, ಅಂದರೆ ಹುಲಿ, ಆನೆಗಳ ಸಾಲಿನಲ್ಲಿತ್ತು, ಈಗಲೂ ಅಲ್ಲೇ ಇದೆ. ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಮೊಟ್ಟೆ ಎತ್ತುವುದೂ ಬೇಟೆಯೇ ಎಂದು ಕಾಯ್ದೆ ಹೇಳುತ್ತದೆ. ಹಾಗೆ ಹಿಡಿದ ಪ್ರಾಣಿ ಸರ್ಕಾರದ ಆಸ್ತಿ. ಆದ್ದರಿಂದ ಸ್ವದೇಶಿ ಹೆಬ್ಬಾವನ್ನು ಸಾಕಬಹುದೇ ಎಂಬ ಪ್ರಶ್ನೆ ಭಾರತದಲ್ಲಿ ಅರ್ಧ ಶತಮಾನದ ಹಿಂದೆಯೇ ಇತ್ಯರ್ಥವಾಗಿದೆ. ವಿದೇಶಿ ದೊಡ್ಡ ಹಾವುಗಳಾದ ಬೋವಾ, ಅನಕೊಂಡಗಳ ಹೆಸರು ಮಾತ್ರ ಆ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ, ಇರಬೇಕಾದ ಕಾರಣವೂ ಆಗ ಯಾರಿಗೂ ಕಂಡಿರಲಿಲ್ಲ.

ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದಕ್ಕೆ ಭಾರತ 1976ರಲ್ಲಿ ಸೇರಿತು. ಎಲ್ಲ ಹೆಬ್ಬಾವುಗಳೂ ಬೋವಾ, ಅನಕೊಂಡಗಳೂ ಆ ಒಪ್ಪಂದದ ಪಟ್ಟಿಗಳಲ್ಲಿವೆ. ಒಪ್ಪಂದದ ಕೈ ಗಡಿಯವರೆಗೆ ಮಾತ್ರ ಚಾಚುತ್ತದೆ ಎಂಬುದೇ ಸಮಸ್ಯೆ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಕಸ್ಟಮ್ಸ್ ಕಾಯ್ದೆಯಡಿ ಪ್ರಕರಣ ದಾಖಲಾಗುತ್ತಿತ್ತು. ತಪಾಸಣೆ ದಾಟಿ ಹೊರಬಂದ ಹಾವನ್ನು ಯಾರು ಇಟ್ಟುಕೊಂಡಿದ್ದಾರೆ, ಎಷ್ಟು ಮರಿ ಮಾಡಿಸಿದ್ದಾರೆ, ಯಾರಿಗೆ ಮಾರಿದ್ದಾರೆ ಎಂದು ಕೇಳುವ ಅಧಿಕಾರ ವಲಯ ಅರಣ್ಯಾಧಿಕಾರಿಗೆ ಇರಲಿಲ್ಲ. ಇಲ್ಲೇ ಹುಟ್ಟಿದ್ದು ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಈ ಸಡಿಲು ಎಲ್ಲಿಗೆ ಕೊಂಡೊಯ್ಯಬಹುದು ಎಂಬುದಕ್ಕೆ ಜಗತ್ತು ಬೆರಳು ಮಾಡಿ ತೋರಿಸುವ ಜಾಗ ಅಮೆರಿಕದ ಫ್ಲಾರಿಡಾ. ಬರ್ಮಾ ಹೆಬ್ಬಾವಿನ ಮರಿ ಮೊಟ್ಟೆಯಿಂದ ಹೊರಬಂದಾಗ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದ ಇರುತ್ತದೆ, ಅಂಗೈಯಲ್ಲಿ ಸುತ್ತಿಕೊಂಡು ಕೂರುತ್ತದೆ. ಕೆಲವೇ ವರ್ಷಗಳಲ್ಲಿ ಅದು ಮೂರು ಮೀಟರ್ ದಾಟುತ್ತದೆ. ಆಹಾರ ಇಲಿಯಿಂದ ಮೊಲಕ್ಕೆ ಏರುತ್ತದೆ, ಪೆಟ್ಟಿಗೆಯ ಬದಲು ಒಂದು ಕೋಣೆಯೇ ಬೇಕಾಗುತ್ತದೆ, ಹೊರತೆಗೆಯಲು ಇಬ್ಬರು ಬೇಕಾಗುತ್ತಾರೆ. ಅಲ್ಲಿಗೆ ಹಲವರ ಉತ್ಸಾಹ ಇಳಿಯುತ್ತದೆ. ಕೊಳ್ಳುವವರಿಲ್ಲ, ಮೃಗಾಲಯದಲ್ಲಿ ಜಾಗವಿಲ್ಲ, ಕೊಲ್ಲಲು ಮನಸ್ಸಿಲ್ಲ. ಕೊನೆಗೆ ಊರಾಚೆಯ ಜೌಗಿನಲ್ಲಿ ಬಿಟ್ಟು ಬರುತ್ತಾರೆ. 1996ರಿಂದ 2006ರ ನಡುವೆ ಸುಮಾರು 99,000 ಬರ್ಮಾ ಹೆಬ್ಬಾವುಗಳು ಅಮೆರಿಕಕ್ಕೆ ಆಮದಾದವು. 1992ರ ಆಂಡ್ರ್ಯೂ ಚಂಡಮಾರುತದಲ್ಲಿ ಸಾಕಣೆ ಕೇಂದ್ರವೊಂದು ಒಡೆದು ಹಾವುಗಳು ಹೊರಬಿದ್ದವೆಂಬ ಮಾತೂ ಇದೆಯಾದರೂ, ಎವರ್‌ಗ್ಲೇಡ್ಸ್ ಜೌಗಿನಲ್ಲಿ ಅವು ಕಂಡದ್ದು ಅದಕ್ಕಿಂತ ಮೊದಲೇ. ಎಲ್ಲವನ್ನೂ ಗಾಳಿಯ ತಲೆಗೆ ಕಟ್ಟುವುದು ಸಾಕಿದವರಿಗೆ ಅನುಕೂಲವಾದ ವಿವರಣೆ ಎನಿಸುತ್ತದೆ.

ಪರಿಣಾಮ ಏನಾಯಿತೆಂಬುದನ್ನು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಹೆಬ್ಬಾವು ಬಹುಕಾಲದಿಂದ ನೆಲೆಸಿದ್ದ ಭಾಗದಲ್ಲಿ ರಾತ್ರಿ ರಸ್ತೆಯುದ್ದಕ್ಕೂ ಸಾಗಿ ಪ್ರಾಣಿಗಳನ್ನು ಎಣಿಸಿದಾಗ, ಹಿಂದಿನ ಎಣಿಕೆಗೆ ಹೋಲಿಸಿದರೆ ರಕೂನ್ ಕಾಣಿಸುವುದು ಶೇ 99.3ರಷ್ಟು, ಅಪೋಸಮ್ ಶೇ 98.9ರಷ್ಟು, ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕು ಶೇ 87.5ರಷ್ಟು ಕಡಿಮೆಯಾಗಿತ್ತು. 2013ರಲ್ಲಿ ಬಹುಮಾನ ಕಟ್ಟಿ ನಡೆಸಿದ ಹೆಬ್ಬಾವು ಹಿಡಿಯುವ ಸ್ಪರ್ಧೆಗೆ ಸುಮಾರು 1,600 ಜನ ಹೆಸರು ಕೊಟ್ಟರು, ಸಿಕ್ಕ ಹಾವು 68. ಬಣ್ಣ ಹಾಗಿದೆ, ಹುಲ್ಲಿನ ನಡುವೆ ಕಾಲ ಬುಡದಲ್ಲಿದ್ದರೂ ಕಾಣುವುದಿಲ್ಲ. 2022ರಲ್ಲಿ ಅಲ್ಲಿನ ಸಂಶೋಧಕರು ಪ್ರಕಟಿಸಿದ ಒಂದು ಹೆಣ್ಣು ಹಾವು ಸುಮಾರು 98 ಕಿಲೋ ತೂಗುತ್ತಿತ್ತು, ಹೊಟ್ಟೆಯಲ್ಲಿ ಬೆಳೆಯುತ್ತಿದ್ದ 122 ಮೊಟ್ಟೆಗಳಿದ್ದವು.

ಅಷ್ಟು ಹೊತ್ತಿಗೆ ಅಮೆರಿಕದ ಕಾನೂನು ಏನು ಮಾಡುತ್ತಿತ್ತು? ದಕ್ಷಿಣ ಫ್ಲಾರಿಡಾದ ಜಲ ನಿರ್ವಹಣಾ ಸಂಸ್ಥೆ, ಬರ್ಮಾ ಹೆಬ್ಬಾವನ್ನು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ 1900ರ ಲೇಸಿ ಕಾಯ್ದೆಯಡಿ ಹಾನಿಕಾರಕ ಜೀವಿ ಎಂದು ಘೋಷಿಸಲು ಕೇಳಿಕೊಂಡದ್ದು 2006ರಲ್ಲಿ. 2008ರಿಂದ ಫ್ಲಾರಿಡಾ ರಾಜ್ಯ ವರ್ಷಕ್ಕೆ 100 ಡಾಲರ್ ಪರವಾನಗಿ ಶುಲ್ಕ ಮತ್ತು ಹಾವಿನ ಮೈಯೊಳಗೆ ಗುರುತಿನ ಚಿಪ್ ಕಡ್ಡಾಯ ಮಾಡಿತು. 2009ರ ಜುಲೈನಲ್ಲಿ ಪರವಾನಗಿಯಿಲ್ಲದೆ ಸಾಕಿದ್ದ, ಎರಡೂವರೆ ಮೀಟರಿನಷ್ಟು ಉದ್ದದ ಹೆಬ್ಬಾವೊಂದು ಪೆಟ್ಟಿಗೆಯಿಂದ ಹೊರಬಂದು ಮನೆಯಲ್ಲಿ ಮಲಗಿದ್ದ ಎರಡು ವರ್ಷದ ಮಗುವನ್ನು ಕೊಂದಿತು. ಸಾರ್ವಜನಿಕರ ಅಭಿಪ್ರಾಯ ತಿರುಗಿದ್ದು ಆಗಲೇ. ಅಮೆರಿಕದ ಕೇಂದ್ರ ಸರ್ಕಾರ 2010ರಲ್ಲಿ ಒಂಬತ್ತು ಜಾತಿಯ ದೊಡ್ಡ ಹಾವುಗಳ ಆಮದು ಮತ್ತು ರಾಜ್ಯದಿಂದ ರಾಜ್ಯಕ್ಕೆ ಸಾಗಣೆ ನಿಷೇಧಿಸುವ ಪ್ರಸ್ತಾವ ಮುಂದಿಟ್ಟಿತು. ಹಾವು ಸಾಕುವವರ ಸಂಘ ಜೋರಾಗಿ ವಿರೋಧಿಸಿತು. ದಕ್ಷಿಣದ ಜೌಗಿನಲ್ಲಷ್ಟೇ ಬದುಕಬಲ್ಲ ಹಾವಿಗಾಗಿ ಚಳಿ ಪ್ರದೇಶದ ಸಾಕಣೆದಾರರ ಹೊಟ್ಟೆಯ ಮೇಲೆ ಏಕೆ ಹೊಡೆಯುತ್ತೀರಿ ಎಂಬುದು ಅವರ ವಾದ. ಅದು ತೀರಾ ತೆಗೆದುಹಾಕುವ ಮಾತೂ ಅಲ್ಲ. ಕೊನೆಗೆ 2012ರಲ್ಲಿ ನಾಲ್ಕು, 2015ರಲ್ಲಿ ಇನ್ನೂ ನಾಲ್ಕು ಜಾತಿಗಳು ಪಟ್ಟಿ ಸೇರಿದವು. ಅತಿ ಹೆಚ್ಚು ಮಂದಿ ಸಾಕುತ್ತಿದ್ದ ಬೋವಾ ಮಾತ್ರ ಹೊರಗುಳಿಯಿತು. 2017ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ, ಭೂಖಂಡದೊಳಗಿನ ರಾಜ್ಯಗಳ ನಡುವಿನ ಸಾಗಣೆಯನ್ನು ತಡೆಯುವ ಅಧಿಕಾರವನ್ನು ಲೇಸಿ ಕಾಯ್ದೆ ಕೊಟ್ಟಿಲ್ಲ ಎಂದು ತೀರ್ಪಿತ್ತಿತು. ಆಮದು ನಿಷೇಧ ಉಳಿಯಿತು, ಒಳಗಿನ ವ್ಯಾಪಾರ ಆಯಾ ರಾಜ್ಯಗಳ ಪಾಲಿಗೆ ಬಿತ್ತು. ಇದಕ್ಕೆ ಪೂರ್ತಿ ತಿರುಗುಮುರುಗಾದ ದಾರಿ ನಾರ್ವೆಯದು: ಅಲ್ಲಿ ದಶಕಗಳ ಕಾಲ ಸರೀಸೃಪ ಸಾಕಣೆಗೇ ನಿಷೇಧವಿತ್ತು, 2017ರಲ್ಲಿ 19 ಜಾತಿಗಳಿಗೆ ಮಾತ್ರ ಅನುಮತಿ ಸಿಕ್ಕಿತು.

ಭಾರತದಲ್ಲಿ ಮೊದಲ ಹೆಜ್ಜೆ ಬಿದ್ದದ್ದು 2020ರ ಜೂನ್‌ನಲ್ಲಿ. ಸೈಟಿಸ್ ಪಟ್ಟಿಯ ವಿದೇಶಿ ಪ್ರಾಣಿಗಳನ್ನು ಸಾಕಿಕೊಂಡವರು ಆರು ತಿಂಗಳೊಳಗೆ ತಾವಾಗಿಯೇ ಘೋಷಿಸಿಕೊಂಡರೆ ಎಲ್ಲಿಂದ ಬಂತೆಂಬ ದಾಖಲೆ ಕೇಳುವುದಿಲ್ಲ ಎಂದು ಕೇಂದ್ರ ಪರಿಸರ ಸಚಿವಾಲಯ ಪ್ರಕಟಿಸಿತು. ಕಳ್ಳಸಾಗಣೆಯ ಮಾಲನ್ನು ಇದು ಸಕ್ರಮ ಮಾಡಿಬಿಡುತ್ತದೆ ಎಂಬ ಟೀಕೆ ಬಂತು. ಟೀಕೆ ಸರಿಯೇ ಆಗಿದ್ದರೂ, ಲೆಕ್ಕವೇ ಇಲ್ಲದ ಕಡೆ ಲೆಕ್ಕ ಶುರು ಮಾಡಲು ಬೇರೆ ದಾರಿ ಏನಿತ್ತು ಎಂದು ಕೇಳಿದರೆ ಉತ್ತರ ಸುಲಭವಲ್ಲ.

ತಿದ್ದುಪಡಿ ಮಸೂದೆ 2021ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂತು. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ಜೈರಾಮ್ ರಮೇಶ್ ಅಧ್ಯಕ್ಷತೆಯ ಸ್ಥಾಯಿ ಸಮಿತಿ ಅದನ್ನು ಪರಿಶೀಲಿಸಿತು. 2022ರ ಡಿಸೆಂಬರ್‌ನಲ್ಲಿ ಅಂಗೀಕಾರವಾಗಿ, 2023ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ ಆರು ಅನುಸೂಚಿಗಳು ನಾಲ್ಕಾದವು, ಕಾಳಿಂಗ ಸರ್ಪ ಎರಡನೆಯದರಿಂದ ಒಂದನೆಯದಕ್ಕೆ ಏರಿತು, ಸೈಟಿಸ್ ಪಟ್ಟಿಯ ಪ್ರಾಣಿಗಳಿಗಾಗಿ ನಾಲ್ಕನೇ ಅನುಸೂಚಿ ಹುಟ್ಟಿತು. ಅದರಲ್ಲಿರುವ ಜೀವಂತ ಪ್ರಾಣಿಯನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಲೇಬೇಕು. ಇದರ ನಿಯಮಗಳು 2024ರ ಫೆಬ್ರುವರಿ 28ರಂದು ಪ್ರಕಟವಾದವು. ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ಅರ್ಜಿ ಹಾಕಬೇಕು. ಆಗಲೇ ಸಾಕಿಕೊಂಡಿದ್ದವರಿಗೆ ಆರು ತಿಂಗಳ ಗಡುವು ಕೊಡಲಾಗಿತ್ತು. ಹುಟ್ಟು, ಸಾವು, ಕೈಬದಲಾವಣೆಗಳನ್ನೂ ವರದಿ ಮಾಡಬೇಕು. ಶಿವಮೊಗ್ಗದ ಮನೆಯಲ್ಲಿರುವ ಅನಕೊಂಡ ಈಗ ಕಾನೂನಿನ ಕಣ್ಣಿಗೆ ಬಿದ್ದಿದೆ. ಹಾಗೆಂದು ಅದು ನಿಷಿದ್ಧವಾಗಿಲ್ಲ, ಕಾಗದ ಸರಿಯಿದ್ದರೆ ಸಾಕಬಹುದು.

ಇಷ್ಟಾದರೂ ಬೇಡಿಕೆ ಎಷ್ಟಿದೆ ಎಂಬುದನ್ನು ಬೆಂಗಳೂರು ವಿಮಾನ ನಿಲ್ದಾಣ ತೋರಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನಲ್ಲಿ 55 ಬಾಲ್ ಪೈಥಾನ್‌ಗಳೂ 17 ಕಾಳಿಂಗ ಸರ್ಪಗಳೂ ಜೀವಂತವಾಗಿ, ಆರು ಕಪುಚಿನ್ ಕೋತಿಗಳು ಸತ್ತು ಸಿಕ್ಕವು. 2024ರ ಏಪ್ರಿಲ್‌ನಲ್ಲಿ ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿ ಹತ್ತು ಹಳದಿ ಅನಕೊಂಡಗಳಿದ್ದವು. ಆಗುಂಬೆಯ ಕಾಡಿನಲ್ಲಿ ತಾನಾಗಿ ಹರಿದಾಡುವ ಕಾಳಿಂಗವನ್ನು ಥಾಯ್ಲೆಂಡಿನಿಂದ ತುಂಬಿಕೊಂಡು ತರುವವರ ತಲೆಯಲ್ಲಿ ಏನಿರುತ್ತದೋ! ಇದು ತಮಾಷೆಯಾಗಿ ಮುಗಿಯುವ ವಿಷಯವೂ ಅಲ್ಲ. ಒಂದೇ ಎಂದುಕೊಂಡಿದ್ದ ಕಾಳಿಂಗ ನಿಜಕ್ಕೂ ನಾಲ್ಕು ಜಾತಿ ಎಂದು 2024ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಪಶ್ಚಿಮಘಟ್ಟದ್ದು ಒಫಿಯೋಫೇಗಸ್ ಕಾಳಿಂಗ ಎಂಬ ಪ್ರತ್ಯೇಕ ಜಾತಿ, ಇಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಆಗ್ನೇಯ ಏಷ್ಯಾದ ಹಾವೊಂದು ಇಲ್ಲಿ ತಪ್ಪಿಸಿಕೊಂಡರೆ ಬೆರಕೆಯೂ ರೋಗವೂ ಅದರ ಜೊತೆ ಕಾಡು ಹೊಕ್ಕಬಹುದು.

ಮಲೆನಾಡಿನವರು ಗಮನಿಸಬೇಕಾದ ತೊಡಕು ಇರುವುದು ಇಲ್ಲೇ. ಅದೇ ತಿದ್ದುಪಡಿ 62ಎ ಎಂಬ ಹೊಸ ಕಲಮನ್ನು ಸೇರಿಸಿದೆ. ವನ್ಯಜೀವಿಗೋ ಅದರ ನೆಲೆಗೋ ಅಪಾಯ ತರುವ ಆಕ್ರಮಣಕಾರಿ ಅನ್ಯಜೀವಿಗಳ ಆಮದು, ಮಾರಾಟ, ಸಾಕಣೆಯನ್ನು ಕೇಂದ್ರ ಸರ್ಕಾರ ನಿಯಂತ್ರಿಸಬಹುದು, ನಿಷೇಧಿಸಬಹುದು, ಅಂಥವನ್ನು ವಶಪಡಿಸಿಕೊಂಡು ನಾಶಪಡಿಸಲೂಬಹುದು. ಹೊಳೆಗಳಿಗೆ ಸೇರಿಕೊಂಡ ಆಫ್ರಿಕನ್ ಕ್ಯಾಟ್‌ಫಿಶ್ಶನ್ನೂ ಕಾಡಿನಂಚನ್ನೆಲ್ಲ ಮುಚ್ಚಿದ ಲಂಟಾನವನ್ನೂ ಕಂಡ ನಮಗೆ ಈ ಕಲಮಿನ ಅಗತ್ಯವನ್ನು ಯಾರೂ ವಿವರಿಸಬೇಕಿಲ್ಲ. ಆದರೆ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಅನ್ಯಜೀವಿ ಎನಿಸಿಕೊಳ್ಳಲು ಅದು ಭಾರತಕ್ಕೇ ಹೊರಗಿನದಾಗಿರಬೇಕು. ಫ್ಲಾರಿಡಾವನ್ನು ಬರಿದು ಮಾಡಿದ ಬರ್ಮಾ ಹೆಬ್ಬಾವು ನಮ್ಮ ಈಶಾನ್ಯ ರಾಜ್ಯಗಳ ಮೂಲನಿವಾಸಿ. ಜಗತ್ತಿನಲ್ಲೇ ಅತಿ ಉದ್ದ ಬೆಳೆಯುವ ಜಾಲರಿ ಹೆಬ್ಬಾವು ನಿಕೋಬಾರ್ ದ್ವೀಪಗಳಲ್ಲಿದೆ. ಇವೆರಡೂ ಶರಾವತಿ ಹಿನ್ನೀರಿಗೆ ಅನಕೊಂಡದಷ್ಟೇ ಪರಕೀಯವಾದರೂ ಕಾನೂನಿನ ಲೆಕ್ಕದಲ್ಲಿ ಸ್ವದೇಶಿಗಳು. ಬಿಸಿ, ಮಳೆ, ವರ್ಷವಿಡೀ ನಿಂತ ನೀರು, ದಟ್ಟ ಪೊದೆ ಎಲ್ಲವೂ ಇರುವ ಲಿಂಗನಮಕ್ಕಿಯ ದಡದಲ್ಲಿ ಇಂಥ ಹಾವು ನೆಲೆಯೂರಲು ಅಡ್ಡಿಯಾಗುವಂಥದ್ದು ಹೆಚ್ಚೇನೂ ಇಲ್ಲ.

ಹಾಗಾಗಿ ನೋಂದಣಿಯೊಂದನ್ನೇ ನಂಬಿ ಕೂರುವುದು ಸಾಲದು. ಬಾಲ್ ಪೈಥಾನ್ ಒಂದೂವರೆ ಮೀಟರಿನ ಆಸುಪಾಸಿನಲ್ಲಿ ನಿಲ್ಲುವ ಹಾವು. ಅದನ್ನೂ ಆರು ಮೀಟರ್ ಬೆಳೆಯುವ ಹಾವನ್ನೂ ಒಂದೇ ಅರ್ಜಿ ನಮೂನೆಯಲ್ಲಿ ತುಂಬಿಸುವುದರಲ್ಲಿ ಅರ್ಥವಿಲ್ಲ. ಅನಕೊಂಡಗಳನ್ನೂ ಆಫ್ರಿಕದ ದೊಡ್ಡ ಹೆಬ್ಬಾವುಗಳನ್ನೂ 62ಎ ಅಡಿ ತರಲು ಸಂಸತ್ತಿನ ಮುಂದೆ ಹೊಸ ಮಸೂದೆ ಬೇಕಿಲ್ಲ, ಕೇಂದ್ರದ ಒಂದು ಆದೇಶ ಸಾಕು. ಈಗಾಗಲೇ ನೋಂದಾಯಿಸಿಕೊಂಡವರು ತಮ್ಮ ಹಾವನ್ನು ಅದರ ಆಯುಷ್ಯ ಮುಗಿಯುವವರೆಗೆ ಇಟ್ಟುಕೊಳ್ಳಲಿ, ಆದರೆ ಮರಿ ಮಾಡಿಸುವಂತಿಲ್ಲ, ಮಾರುವಂತಿಲ್ಲ ಎಂಬ ಷರತ್ತನ್ನು ಅದೇ ಆದೇಶದಲ್ಲಿ ಬರೆಯಬಹುದು. ಬರ್ಮಾ ಮತ್ತು ಜಾಲರಿ ಹೆಬ್ಬಾವುಗಳ ವಿಷಯಕ್ಕೆ ಮಾತ್ರ ವ್ಯಾಖ್ಯೆಯನ್ನೇ ತಿದ್ದಬೇಕಾಗುತ್ತದೆ, ಭಾರತಕ್ಕೆ ಹೊರಗಿನದು ಎಂಬ ಕಡೆ ಆಯಾ ಪ್ರದೇಶಕ್ಕೆ ಹೊರಗಿನದು ಎಂದು. ಅದಕ್ಕೆ ಮತ್ತೆ ಸಂಸತ್ತಿಗೇ ಹೋಗಬೇಕು.