ಲಾರಿಯ ಸ್ಟೇರಿಂಗ್ ಪ್ಲೇ: ಬಿಗಿ ಮಾಡಬೇಕಾದ ಜಾಗ ಒಂದೇ

ಹುಲಿಕಲ್ ಘಾಟಿ ಇಳಿಯುವ ಲಾರಿಯ ಸ್ಟೇರಿಂಗ್ ಎರಡು ಕೆಲಸ ಸರಿಯಾಗಿ ಮಾಡಬೇಕು. ತಿರುಗಿಸಿದ ಕೂಡಲೇ ಚಕ್ರ ತಿರುಗಬೇಕು. ತಿರುವು ಮುಗಿದು ಕೈ ಸಡಿಲ ಬಿಟ್ಟರೆ ತಾನಾಗಿ ನೇರಕ್ಕೆ ಬರಬೇಕು. ಪ್ಲೇ, ಅಂದರೆ ಚಕ್ರ ಅಲುಗದೆ ಸ್ಟೇರಿಂಗ್ ಮಾತ್ರ ತಿರುಗುವ ಸಡಿಲ, ಜಾಸ್ತಿಯಾದರೆ ಮೊದಲನೆಯದು ಕೆಡುತ್ತದೆ. ಪ್ಲೇ ತೆಗೆಯಲು ಹೋಗಿ ಸ್ಟೇರಿಂಗ್ ಗೇರ್ ಬಾಕ್ಸನ್ನು ಅತಿಯಾಗಿ ಬಿಗಿ ಮಾಡಿದರೆ ಎರಡನೆಯದು ಕೆಡುತ್ತದೆ. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಅಪಾಯ. ಪ್ಲೇ ಇರುವುದು ಡ್ರೈವರಿಗೆ ದಿನವೂ ಗೊತ್ತಾಗುತ್ತಿರುತ್ತದೆ. ಹಿಂದಕ್ಕೆ ಬಾರದ ಸ್ಟೇರಿಂಗ್ ಗೊತ್ತಾಗುವುದು ತಿರುವಿನಲ್ಲೇ.

ಹಾಗಂತ ಪ್ಲೇಯನ್ನು ಹಗುರವಾಗಿ ನೋಡುವ ಹಾಗೂ ಇಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಲಾರಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಸಡಿಲವನ್ನು ದಾಟಲು ಕೈಗೆ ಕಾಲು ಸೆಕೆಂಡ್ ಹಿಡಿದರೂ, ಚಕ್ರ ಅಲುಗುವ ಮೊದಲೇ ಲಾರಿ 4 ಮೀಟರ್ ಮುಂದೆ ಹೋಗಿರುತ್ತದೆ.

ಬಾಕ್ಸಿನ ಒಳಗೆ ಏನಿದೆ? ಸ್ಟೇರಿಂಗ್ ರಾಡಿನ ತುದಿಯಲ್ಲಿ ವರ್ಮ್, ಅಂದರೆ ಸ್ಕ್ರೂವಿನಂತೆ ಸುರುಳಿ ಗೆರೆಗಳಿರುವ ದಂಡ. ಅದರ ಮೇಲೆ ಒಂದು ನಟ್ಟು. ಎರಡರ ನಡುವೆ ಉಕ್ಕಿನ ಗುಂಡುಗಳು ಸುತ್ತುತ್ತಲೇ ಇರುತ್ತವೆ. ನಟ್ಟಿನ ಹೊರಮೈಯ ಹಲ್ಲುಗಳು ಸೆಕ್ಟರ್ ಶಾಫ್ಟ್ ಎಂಬ ಅಡ್ಡ ದಂಡದ ಹಲ್ಲುಗಳನ್ನು ತಳ್ಳುತ್ತವೆ. ಆ ಶಾಫ್ಟಿಗೆ ಡ್ರಾಪ್ ಆರ್ಮ್ ಎಂಬ ತೋಳು ಕೂತಿರುತ್ತದೆ, ಅದು ಡ್ರ್ಯಾಗ್ ಲಿಂಕ್ ಎಂಬ ರಾಡಿನ ಮೂಲಕ ಚಕ್ರಗಳನ್ನು ತಿರುಗಿಸುತ್ತದೆ.

ಇಲ್ಲಿ ಒಂದು ಜಾಣ ವಿನ್ಯಾಸವಿದೆ. ಹಲ್ಲುಗಳು ನಡುವಿನಲ್ಲಿ, ಅಂದರೆ ಚಕ್ರ ನೇರ ಇರುವಾಗ, ಒಂದಕ್ಕೊಂದು ಒತ್ತಿ ಕೂರುತ್ತವೆ. ಎಡಕ್ಕೋ ಬಲಕ್ಕೋ ತಿರುಗಿಸಿದರೆ ಸ್ವಲ್ಪ ಸಡಿಲವಾಗುತ್ತವೆ. ಮಲೆನಾಡಿನಲ್ಲಿ ಎಷ್ಟೇ ತಿರುವುಗಳಿರಲಿ, ಲಾರಿ ಹೆಚ್ಚು ಹೊತ್ತು ಓಡುವುದು ನೇರವಾಗಿ ಅಥವಾ ಅದರ ಆಸುಪಾಸಿನಲ್ಲೇ ಅಲ್ವಾ? ಸವೆತವೂ ಅಲ್ಲೇ ಮೊದಲು. ಬಿಗಿ ಮಾಡಬೇಕಾದ ಜಾಗವೂ ಅದೊಂದೇ. ಈ ಹಲ್ಲುಗಳನ್ನು ಒತ್ತಿ ಕೂರಿಸಲು ಬಾಕ್ಸಿನ ಮೇಲೆ ಒಂದು ಸ್ಕ್ರೂ ಇರುತ್ತದೆ. ಚಕ್ರ ಪಕ್ಕಕ್ಕೆ ತಿರುಗಿರುವಾಗ ಅದನ್ನು ಬಿಗಿ ಮಾಡಿದರೆ, ನಡುವಿಗೆ ಬರುವಾಗ ಹಲ್ಲುಗಳು ಕಚ್ಚಿಕೊಳ್ಳುತ್ತವೆ.

ಆದರೆ ಬಾಕ್ಸ್ ಮುಟ್ಟುವ ಮೊದಲು ತಪ್ಪು ಅದರದ್ದೇನಾ ನೋಡಬೇಕು. ಚಕ್ರಗಳು ನೆಲದ ಮೇಲೇ ಇರಲಿ, ಮರದ ಅಡೆ ಕೊಟ್ಟಿರಲಿ. ಒಬ್ಬರು ಕ್ಯಾಬಿನ್‌ನಲ್ಲಿ ಕೂತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ಅಲುಗಿಸಲಿ. ಇನ್ನೊಬ್ಬರು ಡ್ರಾಪ್ ಆರ್ಮಿನಿಂದ ಶುರು ಮಾಡಿ ಒಂದೊಂದೇ ಜಾಯಿಂಟಿನ ಮೇಲೆ ಬೆರಳಿಟ್ಟು ನೋಡಲಿ. ಒಂದು ಬದಿ ಅಲುಗಿ ಇನ್ನೊಂದು ಬದಿ ಸುಮ್ಮನಿದ್ದರೆ ಸವೆತ ಅಲ್ಲೇ. ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟ್ ಹರಿದಿದ್ದರೆ ಮಳೆಗಾಲದ ಕೆಸರು ಒಳಗೆ ಹೋಗಿ ಗ್ರೀಸ್ ಹಾಳಾಗಿರುತ್ತದೆ. ಡ್ರ್ಯಾಗ್ ಲಿಂಕಿನ ಮತ್ತು ಎರಡು ಮುಂದಿನ ಚಕ್ರಗಳನ್ನು ಜೋಡಿಸುವ ಟೈ ರಾಡಿನ ಎಂಡ್‌ಗಳು ಬೇಗ ಹೋಗುವುದು ಹೀಗೇ. ಆಮೇಲೆ ಜಾಕಿ ಕೊಟ್ಟು ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಪಿನ್) ಮತ್ತು ಚಕ್ರದ ಬೇರಿಂಗ್ ನೋಡಿ. ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳನ್ನೂ ಮರೆಯಬೇಡಿ. ಸ್ಟೇರಿಂಗ್ ರಾಡ್ ಅಲುಗಿದರೂ ಡ್ರಾಪ್ ಆರ್ಮ್ ಅಲುಗದಿದ್ದರೆ ಮಾತ್ರ ತಪ್ಪು ಬಾಕ್ಸಿನದು.

ಆಗ ಡ್ರ್ಯಾಗ್ ಲಿಂಕ್ ಬಿಚ್ಚಿ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಷ್ಟು ಸುತ್ತು ಎಂದು ಮೆಲ್ಲಗೆ ಎಣಿಸಿ, ಕೊನೆಗೆ ಹೋಗಿ ಬಡಿಯಬೇಡಿ. 5 ಸುತ್ತು ಬಂದರೆ ಎರಡೂವರೆ ಸುತ್ತು ಹಿಂದಕ್ಕೆ ಬನ್ನಿ, ಅದು ನಡು. ಸ್ಟೇರಿಂಗ್ ಚಕ್ರದ ಕಡ್ಡಿ ನೋಡಿ ನಡು ಹೇಳಬಾರದು, ಹಿಂದೆ ಯಾರೋ ಬಿಚ್ಚಿ ಬೇರೆ ಹಲ್ಲಿಗೆ ಕೂರಿಸಿರಬಹುದು. ವರ್ಮ್ ಬೇರಿಂಗ್ ಸಡಿಲವಿದ್ದರೆ ಮೊದಲು ಅದನ್ನು ಸರಿಮಾಡಬೇಕು. ಬಳಿಕ ಸ್ಕ್ರೂವನ್ನು ಹಿಡಿದಿಡುವ ಲಾಕ್ ನಟ್ ಸಡಿಲಿಸಿ ಸ್ಕ್ರೂವನ್ನು ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಮಾತ್ರ ತಿರುಗಿಸಿ ನೋಡಿ. ಸಾಲದಿದ್ದರೆ ಇನ್ನಷ್ಟು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂವನ್ನು ಅಲುಗದಂತೆ ಹಿಡಿದಿರಬೇಕು, ಇಲ್ಲದಿದ್ದರೆ ಅದೂ ಜೊತೆಗೇ ತಿರುಗಿಬಿಡುತ್ತದೆ.

ಈಗ ಕೊನೆಯಿಂದ ಕೊನೆಗೆ ತಿರುಗಿಸಿ. ನಡುವಿನಲ್ಲಿ ಮಾತ್ರ ತುಸು ಬಿಗಿ ಸಿಗಬೇಕು. ನಡುವಿನ ಪ್ಲೇ ಹೋಗುವಷ್ಟು ಬಿಗಿ ಮಾಡಿದಾಗ ಪಕ್ಕಕ್ಕೆ ತಿರುಗಿಸಲು ಕಷ್ಟವಾಗುತ್ತಿದ್ದರೆ ನಡುವಿನ ಹಲ್ಲು ಸವೆದು ಹೋಗಿದೆ. ಅದಕ್ಕೆ ಸ್ಕ್ರೂ ಬಳಿ ಪರಿಹಾರವಿಲ್ಲ, ಗೇರನ್ನೇ ಬದಲಿಸಬೇಕು.