ತಲೆಯಲ್ಲಿ ತೆಲುಗು, ಕಾಗದದ ಮೇಲೆ ಕನ್ನಡ: ಎರಡನೇ ಭಾಷೆಯ ಬರವಣಿಗೆಯನ್ನು ಬೆನ್ನತ್ತಿದವರು

ಸರ್ಕಾರಿ ಶಾಲೆಗಳಲ್ಲಿ 2019ರಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳು ಶುರುವಾದ ಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಂದು ವಾದ ಮುಗಿಯುವುದೇ ಇಲ್ಲ. ನಾಲ್ಕು ಸಾಲು ಸ್ವಂತವಾಗಿ ಬರೆಯಿರಿ ಎಂದರೆ ಮಕ್ಕಳ ಪೆನ್ನು ಯಾಕೆ ನಿಂತುಬಿಡುತ್ತದೆ? ಕೆಲವರು ಮಾಧ್ಯಮವನ್ನು ದೂರುತ್ತಾರೆ, ಕೆಲವರು ಮೊಬೈಲನ್ನು.

ಈ ಗಡಿ ಸೀಮೆಯಲ್ಲಿ ಲೆಕ್ಕ ಇನ್ನೂ ಜಾಸ್ತಿ ಸಿಕ್ಕು. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಕೆಜಿಎಫ್‌ನಲ್ಲಿ ತಮಿಳು. ಆ ಮನೆಯ ಮಗು ಕನ್ನಡ ಮಾಧ್ಯಮಕ್ಕೆ ಸೇರಿದರೆ ಎಸ್ಸೆಸ್ಸೆಲ್ಸಿಯಲ್ಲಿ ಸಾಮಾನ್ಯವಾಗಿ ಕನ್ನಡ 125 ಅಂಕದ ಪ್ರಥಮ ಭಾಷೆ, ಇಂಗ್ಲಿಷ್ 100 ಅಂಕದ ದ್ವಿತೀಯ ಭಾಷೆ. ಮಗುವಿಗೆ ಮಾತ್ರ ಕನ್ನಡ ಎರಡನೆಯದು, ಇಂಗ್ಲಿಷ್ ಮೂರನೆಯದು.

ಮನೆಮಾತಲ್ಲದ ಭಾಷೆಯಲ್ಲಿ ಬರೆದವರು ಇಲ್ಲಿ ಇಲ್ಲದೇನಿಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು, ಬರೆದದ್ದು ಕನ್ನಡ. ಆದರೆ ಹೀಗೆ ಬರೆಯುವವರ ತಲೆಯಲ್ಲಿ ಏನು ನಡೆಯುತ್ತದೆ ಎಂದು ಹುಡುಕುವ ಕೆಲಸ ಬೆಳೆದದ್ದು ಬಹುಪಾಲು ಅಮೆರಿಕದಲ್ಲಿ. ಅಲ್ಲಿಗೆ ಓದಲು ಬಂದ ಹೊರದೇಶದವರ ಇಂಗ್ಲಿಷ್ ಪ್ರಬಂಧಗಳೇ ಅದಕ್ಕೆ ಸರಕು.

ಮೊದಲ ದಶಕಗಳೆಲ್ಲ ತಪ್ಪು ಹುಡುಕುವುದರಲ್ಲೇ ಹೋದವು. ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಲಿಯುವವರಿಗೆ ಯಾವುದು ಕಷ್ಟ ಎಂದು ಮುಂಚೆಯೇ ಹೇಳಬಹುದು ಎಂಬುದು 1957ರಲ್ಲಿ ಭಾಷಾಶಾಸ್ತ್ರಜ್ಞ ರಾಬರ್ಟ್ ಲಾಡೊ ಅವರ ನಂಬಿಕೆ. ಅದು ಪೂರ್ತಿ ಸುಳ್ಳೇನಲ್ಲ. ತೆಲುಗಿನಲ್ಲಿ ಏಕವಚನದಲ್ಲಿ ಹೆಂಗಸಿಗೂ ಹಸುವಿಗೂ ಕ್ರಿಯಾಪದದ ಕೊನೆ ಒಂದೇ. ಹಾಗಾಗಿ ತೆಲುಗು ಮನೆಯ ಮಗು ಕನ್ನಡದಲ್ಲಿ ‘ಅಕ್ಕ ಬಂತು’ ಎಂದು ಬರೆದರೆ ಆಶ್ಚರ್ಯವಿಲ್ಲ. ಆದರೆ 1967ರಲ್ಲಿ ಇನ್ನೊಬ್ಬ ಭಾಷಾಶಾಸ್ತ್ರಜ್ಞ ಪಿಟ್ ಕಾರ್ಡರ್ ಬೇರೆ ಮಾತು ಹೇಳಿದರು: ಕಲಿಯುವವರು ತಮ್ಮದೇ ಒಂದು ನಿಯಮ ಕಟ್ಟಿಕೊಳ್ಳುತ್ತಿದ್ದಾರೆ, ತಪ್ಪು ಅದರ ಗುರುತು. ‘ಗೋ’ದ ಭೂತಕಾಲಕ್ಕೆ ‘ವೆಂಟ್’ ಬದಲು ‘ಗೋಡ್’ ಎನ್ನುವ ತಪ್ಪನ್ನು ಇಂಗ್ಲಿಷ್ ಮನೆಯ ಕೂಸುಗಳೂ ಮಾಡುತ್ತವೆ ಅಲ್ವಾ?

ಅಲ್ಲಿಯವರೆಗೆ ಎಲ್ಲರೂ ನೋಡುತ್ತಿದ್ದುದು ಬರೆದು ಮುಗಿಸಿದ ಹಾಳೆಯನ್ನು. ಬರೆಯುವವರ ಪಕ್ಕ ಕೂರುವ ಪದ್ಧತಿ ಬಲವಾದದ್ದು 1980ರ ದಶಕದಲ್ಲಿ. ನನ್ನ ಮಟ್ಟಿಗೆ ಈ ಕಥೆಯ ಜೀವ ಇರುವುದೇ ಇಲ್ಲಿ. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಬರೆಯಿರಿ ಎಂದು ವಿದ್ಯಾರ್ಥಿಗೆ ಹೇಳಿ, ಟೇಪ್ ರೆಕಾರ್ಡರ್ ಹಾಕಿಡುತ್ತಿದ್ದರು. ಕೆಲವರು ಸುಮ್ನೆ ಕೂತು ಗಮನಿಸುತ್ತಿದ್ದರು. 1983ರಲ್ಲಿ ವಿವಿಯನ್ ಝಾಮೆಲ್ 6 ವಿದ್ಯಾರ್ಥಿಗಳನ್ನು ಹೀಗೆ ಗಮನಿಸಿದರು. ಚೆನ್ನಾಗಿ ಬರೆಯುವವರು ಮೊದಲು ವಿಷಯ ಹರಿಯಲು ಬಿಟ್ಟು, ಆಮೇಲೆ ಭಾಷೆ ತಿದ್ದುತ್ತಿದ್ದರು. ಹಿಂದೆ ಬಿದ್ದವರು ಮೊದಲ ಸಾಲಿನಿಂದಲೇ ಪದ ಪದಕ್ಕೆ ನಿಂತು ತಿದ್ದಿಕೊಳ್ಳುತ್ತಾ, ಹೇಳಬೇಕಾದದ್ದರ ಎಳೆಯನ್ನೇ ಕಳೆದುಕೊಳ್ಳುತ್ತಿದ್ದರು. ಪೆನ್ನು ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಆಮೇಲೆ ಬಂದವು ಇನ್ನೂ ಕುತೂಹಲದ ಎರಡು ಅಧ್ಯಯನ. ‘ಇಂಗ್ಲಿಷಿನಲ್ಲೇ ಯೋಚಿಸು’ ಎಂದು ನಮ್ಮಲ್ಲೂ ಹೇಳುತ್ತಾರಲ್ಲ? ಅಲೆಕ್ಸಾಂಡರ್ ಫ್ರೀಡ್‌ಲ್ಯಾಂಡರ್ 1990ರಲ್ಲಿ ಚೀನೀ ಮಾತಾಡುವ ವಿದ್ಯಾರ್ಥಿಗಳಲ್ಲಿ ಕಂಡದ್ದು ಬೇರೆಯೇ. ಅನುಭವ ಯಾವ ಭಾಷೆಯಲ್ಲಿ ಆಗಿತ್ತೋ ಆ ಭಾಷೆಯಲ್ಲೇ ಮೊದಲು ಟಿಪ್ಪಣಿ ಮಾಡಿಕೊಂಡಾಗ ಇಂಗ್ಲಿಷ್ ಬರಹ ಚೆನ್ನಾಗಿ ಬಂತು. 1992ರಲ್ಲಿ ಜಪಾನಿನ ಕೊಬಯಾಶಿ, ರಿನ್ನರ್ಟ್ ಅವರು ವಿದ್ಯಾರ್ಥಿಗಳಿಂದ ಒಮ್ಮೆ ನೇರವಾಗಿ ಇಂಗ್ಲಿಷಿನಲ್ಲಿ, ಒಮ್ಮೆ ಜಪಾನೀಸ್‌ನಲ್ಲಿ ಬರೆದು ಅನುವಾದಿಸಿ, ಎರಡೂ ರೀತಿ ಬರೆಸಿದರು. ಅನುವಾದದ್ದಕ್ಕೇ ಮೇಲುಗೈ, ಅದರಲ್ಲೂ ಇಂಗ್ಲಿಷ್ ಕಮ್ಮಿ ಬರುವವರಿಗೆ.

ಬರವಣಿಗೆಯದ್ದೇ ಅಲ್ಲದಿದ್ದರೂ, ಭಾಷೆ ಕಲಿಸುವ ಒಂದು ಪ್ರಯೋಗ ನಮ್ಮ ಹತ್ತಿರದಲ್ಲೇ ನಡೆದಿತ್ತು. 1979ರಿಂದ 1984ರವರೆಗೆ ಇಂಗ್ಲಿಷ್ ಶಿಕ್ಷಣ ತಜ್ಞ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣದ ಪಾಠ ಬಿಟ್ಟು ರೈಲ್ವೆ ಟೈಮ್‌ಟೇಬಲ್, ನಕ್ಷೆಗಳ ಮೇಲೆ ಲೆಕ್ಕ ಬಿಡಿಸುತ್ತಾ ಇಂಗ್ಲಿಷ್ ಕಲಿಸಿ ನೋಡಿದರು. ಹೊರದೇಶದ ಪುಸ್ತಕಗಳಲ್ಲಿ ಅದು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಯಿತು. ಇಲ್ಲಿ ಎಷ್ಟು ಶಿಕ್ಷಕರಿಗೆ ಅದು ಗೊತ್ತೋ!

ಮುಂದಿನದು ಜಗಳದ ಕಾಲ. 1992ರಲ್ಲಿ ಈ ವಿಷಯಕ್ಕೇ ಮೀಸಲಾದ ಸಂಶೋಧನಾ ಪತ್ರಿಕೆ ಹುಟ್ಟಿತು. 1996ರಲ್ಲಿ ಸಂಶೋಧಕ ಜಾನ್ ಟ್ರಸ್ಕಾಟ್ ಅವರು, ಶಿಕ್ಷಕರು ವ್ಯಾಕರಣ ತಿದ್ದುವುದರಿಂದ ಉಪಯೋಗವಿಲ್ಲ, ಬಿಟ್ಟುಬಿಡಿ ಎಂದರು. 1999ರಲ್ಲಿ ಡಾನಾ ಫೆರಿಸ್ ಇದು ಆತುರದ ತೀರ್ಪು ಎಂದರು. ಆ ವಾದ ಇನ್ನೂ ಪೂರ್ತಿ ಮುಗಿದಿಲ್ಲ. ಈಗ ಕಂಪ್ಯೂಟರೇ ಪ್ರತಿ ಕೀ ಒತ್ತಿದ್ದನ್ನೂ, ಎಲ್ಲಿ ಎಷ್ಟು ಹೊತ್ತು ನಿಂತರು ಎಂಬುದನ್ನೂ ದಾಖಲು ಮಾಡುತ್ತದೆ. 2023ರಲ್ಲಿ ಸ್ಟ್ಯಾನ್‌ಫೋರ್ಡ್‌ನವರು ಎಐ ಬರಹ ಹಿಡಿಯುವ ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮನೆಮಾತಲ್ಲದವರು ಕೈಯಾರೆ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಅವು ಯಂತ್ರದ್ದು ಎಂದವು. ಸರಳ ಪದಗಳನ್ನೇ ಬಳಸುವುದಕ್ಕೆ ಸಿಕ್ಕ ಶಿಕ್ಷೆ ಅದು.

ಇದನ್ನೆಲ್ಲ ಬಾಗೇಪಲ್ಲಿಗೆ ಹಾಗೇ ತಂದು ಹಾಕಲು ಆಗುವುದಿಲ್ಲ. ಫ್ರೀಡ್‌ಲ್ಯಾಂಡರ್ ಅವರ ವಿದ್ಯಾರ್ಥಿಗಳಿಗೆ ಚೀನೀ ಬರೆಯಲು ಬರುತ್ತಿತ್ತು. ಇಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿದ ಮಗುವಿಗೆ ತೆಲುಗು ಬಾಯಲ್ಲಿದೆ, ಕೈಯಲ್ಲಿಲ್ಲ. ಅಕ್ಷರ ಕಲಿತದ್ದೇ ಕನ್ನಡದ್ದು. ಹಾಗಾಗಿ ಮೊದಲ ಟಿಪ್ಪಣಿ ಮಾತಿನಲ್ಲೇ ಆಗಬೇಕು: ಊರ ಜಾತ್ರೆಯ ಬಗ್ಗೆ ಹತ್ತು ನಿಮಿಷ ತೆಲುಗಿನಲ್ಲಿ ಹರಟಲು ಬಿಟ್ಟು, ಆಮೇಲೆ ಕನ್ನಡದಲ್ಲಿ ಬರೆಸುವುದು. ಇಲ್ಲವೇ ತೆಲುಗು ಮಾತನ್ನೇ ಕನ್ನಡ ಅಕ್ಷರದಲ್ಲಿ ಗೀಚಿಕೊಳ್ಳಲು ಬಿಡುವುದು. ಇದಕ್ಕೆ ಸುತ್ತೋಲೆಯೂ ಬೇಡ, ದುಡ್ಡೂ ಬೇಡ. ತರಗತಿಯಲ್ಲಿ ತೆಲುಗು ಮಾತಾಡಿದರೆ ಬೈಯಬಾರದು, ಅಷ್ಟೇ.